ಅಧಿಕ ಮಾಸ, ಅಷ್ಟಮಿ, ರಾಹುಕಾಲ: ನನ್ನ ಮಗು ಯಾವ ದಿನ ಹುಟ್ಟಬೇಕು?

ಪ್ರಶ್ನೆ: ನನಗೆ 31 ವರ್ಷ. ಬನಶಂಕರಿಯಲ್ಲಿ ಅತ್ತೆ-ಮಾವನ ಜೊತೆ ಇದ್ದೇವೆ. ಇದು ಎರಡನೇ ಬಸಿರು. ಮೊದಲನೆಯದು ಸಿಸೇರಿಯನ್ ಆಗಿತ್ತು. ಈ ಸಲವೂ ಅದೇ ಅಂತ ಡಾಕ್ಟರ್ ಹೇಳಿದ್ದಾರೆ. ಡ್ಯೂ ಡೇಟ್ ಜೂನ್ 15. 39 ವಾರ ತುಂಬಿದ ಮೇಲೆ ಮಾಡೋಣ ಎಂದು ಜೂನ್ 8ರ ಸೋಮವಾರ ಬೆಳಗ್ಗೆ 8 ಗಂಟೆ, ಇಲ್ಲವೇ 9ರ ಮಂಗಳವಾರ ಮಧ್ಯಾಹ್ನ 3 ಗಂಟೆ ಕೊಟ್ಟಿದ್ದಾರೆ. ಅತ್ತೆ ಕ್ಯಾಲೆಂಡರ್ ನೋಡಿ ಗಾಬರಿಯಾದರು. ಎರಡೂ ದಿನ ಅಧಿಕ ಮಾಸ. ಸೋಮವಾರ ಅಷ್ಟಮಿ, ಮಂಗಳವಾರ ನವಮಿ. ಎರಡೂ ಹೊತ್ತು ರಾಹುಕಾಲ. ಸಾಲದ್ದಕ್ಕೆ ಸಂವತ್ಸರದ ಹೆಸರೇ ‘ಪರಾಭವ’ ಅಂತ ಮಾವನ ಚಿಂತೆ. ಅಧಿಕ ಮಾಸ ಶುರುವಾಗುವ ಮೊದಲೇ, ಮೇ ಎರಡನೇ ವಾರದಲ್ಲಿ ತೆಗೆಸಿಬಿಡಿ, ಇಲ್ಲದಿದ್ದರೆ ಜೂನ್ 17ರ ಬೆಳಗಿನ ಜಾವ 4:50ಕ್ಕೆ ಮಾಡಿಸಿ ಅಂತ ಜೋಯಿಸರು ಹೇಳಿದ್ದಾರೆ. ನಮ್ಮಮ್ಮನ ಮನೆಯ ಪಂಚಾಂಗದಲ್ಲಿ ತಿಥಿ ಮುಗಿಯುವ ಹೊತ್ತೇ ಬೇರೆ ಇದೆ. ನನಗೆ ಇದರಲ್ಲೆಲ್ಲ ಅಂಥ ನಂಬಿಕೆ ಇಲ್ಲ. ಆದರೆ ರಾತ್ರಿ ಮಲಗಿದಾಗ ಹೆದರಿಕೆಯಾಗುತ್ತದೆ. ಮುಂದೆ ಮಗುವಿಗೆ ಜ್ವರ ಬಂದರೂ ‘ಅವತ್ತೇ ಹೇಳಿದ್ದೆವು’ ಅನ್ನುತ್ತಾರಲ್ಲ ಅಂತ. ಇದರಲ್ಲಿ ಯಾವುದು ನಿಜ, ಯಾವುದು ಸುಮ್ನೆ?

ಉತ್ತರ: ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಮೇ ಎರಡನೇ ವಾರ ಬೇಡ. ಯಾರು ಹೇಳಿದರೂ ಬೇಡ.

ನಾನು ಡಾಕ್ಟರ್ ಅಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು. ಪಂಚಾಂಗದ ಲೆಕ್ಕ ಅಜ್ಜನಿಂದ ಬಂತು. ಬೇರೆ ಬೇರೆ ಜನ ಕಾಲವನ್ನು ಹೇಗೆ ಎಣಿಸಿದರು ಅಂತ ಓದುವುದು ನನ್ನ ಬದುಕಿನ ಆಸಕ್ತಿ. ಆದರೂ ಈ ವಿಷಯದಲ್ಲಿ ಡಾಕ್ಟರ್‌ಗಳು ಒಂದೇ ದನಿಯಲ್ಲಿ ಹೇಳುವುದು ನನಗೆ ಗೊತ್ತು. ಬೇರೆ ಕಾರಣವಿಲ್ಲದಿದ್ದರೆ ಮೊದಲೇ ಗೊತ್ತುಮಾಡಿದ ಸಿಸೇರಿಯನ್ 39 ವಾರಕ್ಕಿಂತ ಮುಂಚೆ ಬೇಡ. ಮೇ ಎರಡನೇ ವಾರಕ್ಕೆ ನಿಮಗೆ 35 ವಾರ ಆಗಿರುತ್ತದೆ. ಆ ಹೊತ್ತಿಗೆ ಮಗುವಿನ ಶ್ವಾಸಕೋಶ ಪೂರ್ತಿ ಬಲಿತಿರುವುದಿಲ್ಲ. ಉಸಿರಾಟದ ತೊಂದರೆ, ಹಾಲು ಚೀಪಲು ಕಷ್ಟ, ಕಾಮಾಲೆ, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ವಾಸ ಇವೆಲ್ಲ ಅಂಥ ಮಕ್ಕಳಿಗೆ ಜಾಸ್ತಿ. ಒಳ್ಳೆಯ ಗಳಿಗೆ ಹುಡುಕಲು ಹೋಗಿ ಮಗುವನ್ನು ಇಂಥ ಅಪಾಯಕ್ಕೆ ಒಡ್ಡುವುದನ್ನು ಯಾವ ಶಾಸ್ತ್ರವೂ ಕೇಳುವುದಿಲ್ಲ.

ಇನ್ನು ನಿಮ್ಮ ಪತ್ರ. ನೀವು ಕೇಳಿದ್ದು ಪಂಚಾಂಗದ ಬಗ್ಗೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಕೊನೆಯ ಸಾಲು, ‘ಅವತ್ತೇ ಹೇಳಿದ್ದೆವು’ ಅನ್ನುವ ಮಾತು. ಇಂಥ ಪತ್ರಗಳು ನನಗೆ ಬರುತ್ತಲೇ ಇರುತ್ತವೆ. ಜಾತಕದಲ್ಲಿ ನಂಬಿಕೆ ಇರುವವರೂ ಬರೆಯುತ್ತಾರೆ, ಇಲ್ಲದವರೂ ಬರೆಯುತ್ತಾರೆ. ಆ ಒಂದು ಮಾತಿನ ಭಯ ಮಾತ್ರ ಎಲ್ಲರಲ್ಲೂ ಇರುತ್ತದೆ. ಅದಕ್ಕೇ ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ. ಅತ್ತೆಯವರಿಗೂ ಓದಿ ಹೇಳಿ. ಅವರ ಮೇಲೆ ನನಗೆ ಯಾವ ಕೋಪವೂ ಇಲ್ಲ. ಅವರು ಹುಡುಕುತ್ತಿರುವುದೂ ಮೊಮ್ಮಗುವಿನ ಒಳಿತನ್ನೇ.

ಅಧಿಕ ಮಾಸದಿಂದ ಶುರು ಮಾಡೋಣ. ಹೆದರಿಕೆ ಜಾಸ್ತಿ ಇರುವುದು ಅಲ್ಲೇ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆಗೆ ಸ್ವಲ್ಪ ಜಾಸ್ತಿ, ಸರಿಯಾಗಿ ಹೇಳಬೇಕೆಂದರೆ 29.53 ದಿನ. ಹನ್ನೆರಡು ಚಾಂದ್ರಮಾನ ತಿಂಗಳು ಸೇರಿದರೆ 354 ದಿನ ಚಿಲ್ಲರೆ. ಆದರೆ ಮಳೆ, ಚಳಿ, ಬೇಸಿಗೆ ಸೂರ್ಯನ ಲೆಕ್ಕದಲ್ಲಿ ನಡೆಯುತ್ತವೆ. ಅದು 365 ದಿನ ಚಿಲ್ಲರೆ. ವರ್ಷಕ್ಕೆ ಹನ್ನೊಂದು ದಿನ ಕೊರತೆ. ಇದನ್ನು ಹಾಗೇ ಬಿಟ್ಟಿದ್ದರೆ ಒಂಬತ್ತು ವರ್ಷಕ್ಕೆ ಯುಗಾದಿ ಡಿಸೆಂಬರ್ ಚಳಿಗೆ ಬಂದುಬಿಡುತ್ತಿತ್ತು. ಆಗ ಬೇವಿನ ಹೂವು ಎಲ್ಲಿಂದ ತರುವುದು? ಮಾವಿನ ಚಿಗುರು ಎಲ್ಲಿ? ಹಬ್ಬ ಋತುವಿನ ಕೈಬಿಡಬಾರದು ಅಂತ ನಮ್ಮ ಹಿರಿಯರು ಮಧ್ಯೆ ಮಧ್ಯೆ ಒಂದು ತಿಂಗಳು ಸೇರಿಸಿದರು. ಎಷ್ಟಕ್ಕೊಮ್ಮೆ? 32 ತಿಂಗಳು, 16 ದಿನ, 4 ಘಳಿಗೆಗೊಮ್ಮೆ ಅಂತ ಹಳೆಯ ಶ್ಲೋಕವೇ ಇದೆ. ಇವತ್ತಿನ ಲೆಕ್ಕಕ್ಕೂ ಅದು ತುಂಬಾ ಹತ್ತಿರ. ಅಜ್ಜ ಇದನ್ನು ಹೇಳಿಕೊಟ್ಟ ದಿನ ನಾನು ಸ್ಲೇಟಿನಲ್ಲಿ ಭಾಗಿಸಿ ನೋಡಿ ಮೈ ಜುಮ್ಮೆಂದು ಕೂತಿದ್ದು ಈಗಲೂ ನೆನಪಿದೆ.

ಯಾವ ತಿಂಗಳು ಅಧಿಕ ಅನ್ನುವುದಕ್ಕೆ ನಿಯಮ ಸರಳ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು ಸಂಕ್ರಮಣ. ಎರಡು ಅಮಾವಾಸ್ಯೆಗಳ ನಡುವೆ ಸಂಕ್ರಮಣವೇ ಬೀಳದಿದ್ದರೆ ಆ ತಿಂಗಳು ಅಧಿಕ. ಈ ವರ್ಷದ್ದನ್ನೇ ನೋಡಿ. ಸೂರ್ಯ ವೃಷಭಕ್ಕೆ ಬರುವುದು ಮೇ 15ಕ್ಕೆ. ಅಮಾವಾಸ್ಯೆ ಮುಗಿದು ಹೊಸ ತಿಂಗಳು ಹುಟ್ಟುವುದು ಮೇ 17ಕ್ಕೆ. ಮುಂದಿನ ಅಮಾವಾಸ್ಯೆ ಜೂನ್ 15ರ ಬೆಳಗ್ಗೆ ಮುಗಿಯುತ್ತದೆ. ಸೂರ್ಯ ಮಿಥುನಕ್ಕೆ ದಾಟುವುದೂ ಅದೇ ದಿನ, ಅಮಾವಾಸ್ಯೆ ಮುಗಿದ ಕೆಲವು ಗಂಟೆಗಳ ಮೇಲೆ. ಹೀಗೆ ಒಂದು ಇಡೀ ತಿಂಗಳು ಸಂಕ್ರಮಣವಿಲ್ಲದೆ ನುಸುಳಿಹೋಯಿತು. ಬೇಸಿಗೆ-ಮಳೆಗಾಲದ ಹೊತ್ತಿನಲ್ಲಿ ಭೂಮಿ ಸೂರ್ಯನಿಂದ ದೂರ ಇರುತ್ತದೆ, ನಿಧಾನವಾಗಿ ಸುತ್ತುತ್ತದೆ. ಸೂರ್ಯ ಒಂದೊಂದು ರಾಶಿಯಲ್ಲಿ 31 ದಿನಕ್ಕಿಂತ ಜಾಸ್ತಿ ನಿಲ್ಲುತ್ತಾನೆ. ಜ್ಯೇಷ್ಠ, ಆಷಾಢ, ಶ್ರಾವಣಗಳಲ್ಲಿ ಅಧಿಕ ಮಾಸ ಹೆಚ್ಚಾಗಿ ಬರುವುದು ಇದಕ್ಕೇ.

ಈ ಲೆಕ್ಕ ನಮ್ಮದು ಮಾತ್ರ ಅಲ್ಲ. ಬ್ಯಾಬಿಲೋನಿನವರು 19 ವರ್ಷಕ್ಕೆ 7 ಅಧಿಕ ತಿಂಗಳು ಸೇರಿಸುತ್ತಿದ್ದರು. ಯಹೂದಿಗಳು ಇವತ್ತಿಗೂ ಹಾಗೇ ಮಾಡುತ್ತಾರೆ. ಚೀನೀಯರಲ್ಲೂ ಅಧಿಕ ತಿಂಗಳಿದೆ. ಮುಸ್ಲಿಮರು ಮಾತ್ರ ಸೇರಿಸುವುದೇ ಬೇಡ, ಚಂದ್ರನನ್ನೇ ಪೂರ್ತಿ ಹಿಂಬಾಲಿಸೋಣ ಎಂದರು. ಹಾಗಾಗಿ ರಂಜಾನ್ ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಒಂದು ಸುತ್ತು ಹಾಕುತ್ತದೆ. ಈ ಸಲ ನಮ್ಮ ಯುಗಾದಿ ಮಾರ್ಚ್ 19ಕ್ಕೆ ಬಂದಿತ್ತು, ಅದರ ಬೆನ್ನಲ್ಲೇ ರಂಜಾನ್ ಹಬ್ಬವೂ ಬಂತು. ಇನ್ನು ಕೆಲವು ವರ್ಷಕ್ಕೆ ಅವೆರಡೂ ತಿಂಗಳುಗಟ್ಟಲೆ ದೂರವಾಗಿರುತ್ತವೆ. ಎರಡೂ ಲೆಕ್ಕ ಸರಿ. ಯಾವುದನ್ನು ಕೈಬಿಡಬಾರದು ಅಂತ ಆಯಾ ಜನ ತೀರ್ಮಾನಿಸಿದರು ಅನ್ನುವುದರಲ್ಲಿ ವ್ಯತ್ಯಾಸ.

ಹಾಗಾದರೆ ಅಧಿಕ ಮಾಸದಲ್ಲಿ ಮದುವೆ, ಗೃಹಪ್ರವೇಶ ಯಾಕೆ ಇಲ್ಲ? ಪುರಾಣದ ಕಥೆಗಳಿವೆ. ನನಗೆ ತೋಚುವ ಕಾರಣ ಲೆಕ್ಕದ್ದು. ಆ ವರ್ಷ ಜ್ಯೇಷ್ಠದ ಪ್ರತಿ ತಿಥಿಯೂ ಎರಡು ಸಲ ಬರುತ್ತದೆ. ಯಾವುದನ್ನು ಹಿಡಿಯಬೇಕು ಅನ್ನುವ ಗೊಂದಲ ಬೇಡ ಎಂದು, ಮುಂದಕ್ಕೆ ಹಾಕಬಹುದಾದ ಕೆಲಸವನ್ನೆಲ್ಲ ಅಧಿಕದ ನಂತರ ಅದೇ ಹೆಸರಲ್ಲಿ ಬರುವ ನಿಜ ಮಾಸಕ್ಕೆ ಹಾಕಿದರು. ಈ ‘ಮುಂದಕ್ಕೆ ಹಾಕಬಹುದಾದ’ ಅನ್ನುವುದನ್ನು ಗಮನಿಸಿ. ಹೆರಿಗೆ ಅಂಥದ್ದಲ್ಲ. ಹುಟ್ಟಿದಾಗ ಮಾಡುವ ಜಾತಕರ್ಮ, ಹನ್ನೊಂದು-ಹನ್ನೆರಡನೇ ದಿನದ ನಾಮಕರಣ ಇವಕ್ಕೆ ಅಧಿಕ ಮಾಸದ ಅಡ್ಡಿ ಇಲ್ಲ ಅಂತ ಧರ್ಮಶಾಸ್ತ್ರವೇ ಹೇಳುತ್ತದೆ. ಇನ್ನು ಈ ತಿಂಗಳು ಕೆಟ್ಟದ್ದಾಗಿದ್ದರೆ ಪುರುಷೋತ್ತಮ ಮಾಸ ಅಂತ ಹೆಸರಿಟ್ಟು, 33 ಅತಿರಸ ಮಾಡಿ ದಾನ ಕೊಡುತ್ತಿದ್ದರೇ? ಅತ್ತೆಯವರೇ ಕೊಟ್ಟಿರುತ್ತಾರೆ, ಕೇಳಿ ನೋಡಿ.

ಇನ್ನೊಂದು ವಿಷಯ. 19 ವರ್ಷದ ಆ ಚಕ್ರದಿಂದಾಗಿ, 2007ರಲ್ಲೂ ಅಧಿಕ ಜ್ಯೇಷ್ಠ ಬಂದಿದ್ದು ಮೇ 17ರಿಂದ ಜೂನ್ 15ರವರೆಗೇ. ಈ ವರ್ಷದ ದಿನಗಳೇ. ನನ್ನ ತಂಗಿಯ ಮೊಮ್ಮಗಳು ಹುಟ್ಟಿದ್ದು ಆ ತಿಂಗಳಲ್ಲಿ. ಆಗಲೂ ಮನೆಯಲ್ಲಿ ಇದೇ ಮಾತು ನಡೆದಿತ್ತು. ನಿಜ ಮಾಸಕ್ಕೆ ಅಂತ ಮುಹೂರ್ತ ಇಟ್ಟು, ಡಾಕ್ಟರ್ ಹತ್ತಿರ ಒಂದು ವಾರ ಮುಂದೂಡಿಸಿಕೊಂಡಿದ್ದರು. ಎರಡು ದಿನ ಮುಂಚೆ ರಾತ್ರಿ ಒಂದೂವರೆಗೆ ನೀರು ಹೋಯಿತು. ಆಟೋ ಸಿಗದೆ, ಪಕ್ಕದ ಮನೆಯವರ ಕಾರಿನಲ್ಲಿ ಕರೆದುಕೊಂಡು ಹೋದೆವು. ಆಪರೇಷನ್ ಥಿಯೇಟರಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತಂಗಿ ಪಂಚಾಂಗದ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಬೆಳಗಿನವರೆಗೂ ಒಂದು ಪುಟವನ್ನೂ ತೆರೆಯಲಿಲ್ಲ. ಮಗು ಅತ್ತ ಸದ್ದು ಕೇಳಿದಾಗ ಪುಸ್ತಕ ಕೆಳಗೆ ಬಿತ್ತು. ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ.

ಪರಾಭವದ ವಿಷಯ. ಅರವತ್ತು ಸಂವತ್ಸರಗಳ ಹೆಸರು ಸರದಿಯಂತೆ ಬರುತ್ತವೆ. ಗುರುಗ್ರಹದ ಸುತ್ತು ಸುಮಾರು ಹನ್ನೆರಡು ವರ್ಷ, ಶನಿಯದು ಸುಮಾರು ಮೂವತ್ತು. ಎರಡೂ ಕೂಡುವುದು ಅರವತ್ತಕ್ಕೆ. ಹಿಂದಿನ ಪರಾಭವ 1966-67ರಲ್ಲಿತ್ತು. ಆ ವರ್ಷ ಹುಟ್ಟಿದವರು ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ. ನಿಮ್ಮ ಬೀದಿಯಲ್ಲೇ ನಾಲ್ಕು ಜನ ಸಿಗುತ್ತಾರೆ. ಅವರ ಬದುಕು ಉಳಿದವರ ಬದುಕಿನಂತೆಯೇ ಇದೆ.

ಇದೇ 1966 ಜಪಾನಿನಲ್ಲೂ ಒಂದು ಭಯದ ವರ್ಷವಾಗಿತ್ತು. ಅಲ್ಲೂ ಅರವತ್ತು ವರ್ಷದ ಚಕ್ರ ಇದೆ. ಅದರಲ್ಲಿ ಒಂದು ‘ಬೆಂಕಿ ಕುದುರೆ’ಯ ವರ್ಷ. ಆ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ತರುತ್ತಾಳೆ ಅನ್ನುವ ನಂಬಿಕೆ. 1965ರಲ್ಲಿ ಅಲ್ಲಿ ಸುಮಾರು 18 ಲಕ್ಷ ಮಕ್ಕಳು ಹುಟ್ಟಿದ್ದರು. 1966ರಲ್ಲಿ ಅದು ಸುಮಾರು 13 ಲಕ್ಷ 60 ಸಾವಿರಕ್ಕೆ ಇಳಿಯಿತು. ಮರುವರ್ಷ ಮತ್ತೆ ಏರಿತು. ಆಕಾಶದಲ್ಲಿ ಏನೂ ಆಗಿರಲಿಲ್ಲ. ಒಂದು ಹೆಸರಿಗೆ ಹೆದರಿ ಇಡೀ ದೇಶ ಮಕ್ಕಳನ್ನು ಮುಂದೂಡಿತ್ತು. ಈ 2026 ಅಲ್ಲಿ ಮತ್ತೆ ಬೆಂಕಿ ಕುದುರೆ, ಇಲ್ಲಿ ಮತ್ತೆ ಪರಾಭವ. ಮಾವನವರಿಗೆ ಇದನ್ನು ಹೇಳಿ. ಹೆಸರಿಗೆ ಶಕ್ತಿ ಇದೆ ನಿಜ, ಆದರೆ ಅದು ನಾವು ಕೊಟ್ಟಷ್ಟೇ.

ಅಷ್ಟಮಿ, ನವಮಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೃಷ್ಣ ಹುಟ್ಟಿದ್ದು ಅಷ್ಟಮಿ, ಅದೂ ಕೃಷ್ಣಪಕ್ಷದ ಅಷ್ಟಮಿ. ಜೂನ್ 8ರದ್ದೂ ಕೃಷ್ಣಪಕ್ಷದ ಅಷ್ಟಮಿಯೇ. ರಾಮ ಹುಟ್ಟಿದ್ದು ನವಮಿ. ನಮ್ಮ ಮನೆಗಳಲ್ಲಿ ಎರಡು ದೊಡ್ಡ ಹುಟ್ಟುಹಬ್ಬ ಅಂತ ಮಾಡುವುದು ಈ ಎರಡು ತಿಥಿಗಳಲ್ಲೇ, ಅಲ್ವಾ?

ರಾಹುಕಾಲಕ್ಕೆ ಬರೋಣ. ಇಲ್ಲಿ ಪೆನ್ನು ಹಿಡಿದು ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಭಾಗ ಮಾಡುತ್ತಾರೆ. ಸೋಮವಾರ ಎರಡನೇ ಭಾಗ ರಾಹುಕಾಲ, ಮಂಗಳವಾರ ಏಳನೆಯದು, ಹೀಗೆ. ಗೋಡೆಯ ಕ್ಯಾಲೆಂಡರಿನಲ್ಲಿ ‘ಸೋಮವಾರ 7:30ರಿಂದ 9, ಮಂಗಳವಾರ 3ರಿಂದ 4:30’ ಅಂತ ಅಚ್ಚು ಹಾಕಿರುವುದು ಸೂರ್ಯ ಸರಿಯಾಗಿ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆ ಅಂತ ಇಟ್ಟುಕೊಂಡು. ಬೆಂಗಳೂರಿನಲ್ಲಿ ಹಾಗಾಗುವುದಿಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ ಸಮಯ ತೋರಿಸುತ್ತದೆ. ಬೆಂಗಳೂರು ಇರುವುದು ಸುಮಾರು 77.6 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಅಂದರೆ ನಮ್ಮ ಊರಿನ ಸೂರ್ಯ ಗಡಿಯಾರಕ್ಕಿಂತ ಸರಾಸರಿ ಇಪ್ಪತ್ತು ನಿಮಿಷ ಹಿಂದೆ. ಜನವರಿ ಕೊನೆಯ ಒಂದು ಸೋಮವಾರ ತೆಗೆದುಕೊಳ್ಳಿ. ಸೂರ್ಯೋದಯ 6:45ರ ಹೊತ್ತಿಗೆ, ಅಸ್ತ 6:19ರ ಹೊತ್ತಿಗೆ. ಆ ದಿನದ ರಾಹುಕಾಲ ಸುಮಾರು 8:12ರಿಂದ 9:38. ಗೋಡೆ ನೋಡಿ ಒಂಬತ್ತಕ್ಕೆ ‘ಮುಗೀತು’ ಅಂತ ಹೊರಟವರು ಅದರ ನಡುವೆಯೇ ಹೊರಟಿರುತ್ತಾರೆ.

ಈಗ ನಿಮ್ಮ ದಿನ. ಜೂನ್ 8-9ಕ್ಕೆ ಸೂರ್ಯೋದಯ ಸುಮಾರು 5:53, ಅಸ್ತ ಸುಮಾರು 6:44. ಹಗಲು 771 ನಿಮಿಷ. ಎಂಟರಿಂದ ಭಾಗಿಸಿದರೆ ಒಂದು ಪಾಲು 96 ನಿಮಿಷ ಚಿಲ್ಲರೆ. ಸೋಮವಾರದ ರಾಹುಕಾಲ 7:29ರಿಂದ 9:06. ಎಂಟು ಗಂಟೆ ಅದರೊಳಗೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮಂಗಳವಾರದ್ದು ಮಧ್ಯಾಹ್ನ 3:31ಕ್ಕೆ ಶುರುವಾಗಿ 5:08ಕ್ಕೆ ಮುಗಿಯುತ್ತದೆ. ಮೂರು ಗಂಟೆ ಅದರ ಹೊರಗಿದೆ. ಅತ್ತೆಯವರು ನೋಡಿದ್ದು ಅಚ್ಚಾದ ಹೊತ್ತನ್ನು.

ಆದರೆ ಲೆಕ್ಕ ಗೊತ್ತಿದ್ದ ಮಾತ್ರಕ್ಕೆ ಅದು ಕೆಟ್ಟ ಹೊತ್ತು ಅಂತ ಆಗುವುದಿಲ್ಲ. ರಾಹು ಅಂದರೆ ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಬಿಂದು. ಅದು ಆಕಾಶದಲ್ಲಿ ಒಂದು ಸುತ್ತು ಬರಲು 18 ವರ್ಷದ ಮೇಲೆ ಏಳು ತಿಂಗಳು ಬೇಕು. ಗ್ರಹಣದ ಲೆಕ್ಕಕ್ಕೆ ಅದು ಬೇಕೇ ಬೇಕು. ಆದರೆ ಅದು ಸೋಮವಾರ ಬೆಳಗ್ಗೆ ಒಂದು ಕಡೆ, ಮಂಗಳವಾರ ಮಧ್ಯಾಹ್ನ ಇನ್ನೊಂದು ಕಡೆ ಹಾರುವುದಿಲ್ಲ. ರಾಹುಕಾಲಕ್ಕೂ ಆಕಾಶದ ರಾಹುವಿಗೂ ಸಂಬಂಧ ಹೆಸರಿನಲ್ಲಿ ಮಾತ್ರ. ಅದನ್ನು ಹೊತ್ತಿರುವ ವಾರದ ಏಳು ದಿನಗಳೂ ನಮ್ಮಲ್ಲಿ ಮೊದಲಿನಿಂದ ಇರಲಿಲ್ಲ. ಕಾಲದ ಲೆಕ್ಕದ ನಮ್ಮ ಹಳೆಯ ಗ್ರಂಥ ವೇದಾಂಗ ಜ್ಯೋತಿಷದಲ್ಲಿ ತಿಥಿ, ನಕ್ಷತ್ರ, ಅಧಿಕ ಮಾಸ ಇವೆ, ವಾರ ಇಲ್ಲ. ದಿನಾಂಕದ ಜೊತೆ ವಾರವನ್ನೂ ಹೇಳುವ ನಮ್ಮ ಹಳೆಯ ಶಾಸನ ಮಧ್ಯಪ್ರದೇಶದ ಏರಣದ್ದು, ಕ್ರಿ.ಶ. 484ರದು. ಅದರಲ್ಲಿ ಗುರುವಾರ ಇದೆ.

ಚಿಕ್ಕಪೇಟೆಯಲ್ಲಿ ರಾಜಸ್ಥಾನ, ಗುಜರಾತ್ ಕಡೆಯಿಂದ ಬಂದು ತಲೆಮಾರುಗಳಿಂದ ಅಂಗಡಿ ನಡೆಸುವವರಿದ್ದಾರಲ್ಲ, ಅವರು ನೋಡುವುದು ಚೌಘಡಿಯಾ. ಅದರಲ್ಲೂ ಹಗಲಿಗೆ ಎಂಟೇ ಭಾಗ. ಅವರ ಪಟ್ಟಿಯಲ್ಲಿ ಮಂಗಳವಾರದ ಏಳನೇ ಭಾಗದ ಹೆಸರು ‘ಶುಭ’. ಒಂದೇ ಊರು, ಒಂದೇ ಸೂರ್ಯ, ಅದೇ 3:31ರಿಂದ 5:08. ಬನಶಂಕರಿಯಲ್ಲಿ ಬಾಗಿಲು ದಾಟಬೇಡಿ ಅನ್ನುವ ಹೊತ್ತಿಗೆ ಚಿಕ್ಕಪೇಟೆಯಲ್ಲಿ ಹೊಸ ಲೆಕ್ಕದ ಪುಸ್ತಕ ತೆರೆಯುತ್ತಾರೆ.

ನಿಮ್ಮಮ್ಮನ ಪಂಚಾಂಗ ಬೇರೆ ಯಾಕೆ? ತಿಥಿ ಅಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯುವ ಅವಧಿ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ. ಹಾಗಾಗಿ ಒಂದು ತಿಥಿ ಇಪ್ಪತ್ತು ಗಂಟೆಯಲ್ಲಿ ಮುಗಿಯಬಹುದು, ಇಪ್ಪತ್ತಾರು ಗಂಟೆ ದಾಟಲೂಬಹುದು. ಕೆಲವು ಪಂಚಾಂಗ ಹಳೆಯ ಸೂರ್ಯಸಿದ್ಧಾಂತದ ಸೂತ್ರ ಹಿಡಿಯುತ್ತವೆ. ದೃಗ್ಗಣಿತದವರು ಇವತ್ತಿನ ಖಗೋಳ ವಿಜ್ಞಾನದ ಅಂಕಿ ಬಳಸುತ್ತಾರೆ. ಎರಡರ ನಡುವೆ ಕೆಲವು ಗಂಟೆ ವ್ಯತ್ಯಾಸ ಬರುವುದು ಸಾಮಾನ್ಯ. 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಮುಂದಾಳುತನದಲ್ಲಿ ಕೇಂದ್ರ ಸರ್ಕಾರ ಸಮಿತಿ ಮಾಡಿದಾಗ ದೇಶದಲ್ಲಿ ಮೂವತ್ತರಷ್ಟು ಬೇರೆ ಬೇರೆ ಪಂಚಾಂಗ ಪದ್ಧತಿಗಳು ಸಿಕ್ಕವು. ಅವರ ವರದಿಯ ಮೇಲೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಕ್ಯಾಲೆಂಡರ್ ಬಂತು. ಆದರೆ ಮನೆಗಳಲ್ಲಿ ಅವರವರ ಪಂಚಾಂಗವೇ ಉಳಿಯಿತು.

ದಿನವನ್ನು ಆರಿಸಿಕೊಳ್ಳುವವರು ನಾವೇ ಅನ್ನುವುದಕ್ಕೆ ನಿಮ್ಮ ಮನೆಗೆ ಹತ್ತಿರವೇ ಒಂದು ಸಾಕ್ಷಿ ಇದೆ. ಗವಿಪುರದ ಗಂಗಾಧರೇಶ್ವರ ಗುಹಾ ದೇವಾಲಯ. ಸಂಕ್ರಾಂತಿ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಸಾಲುಗಟ್ಟುತ್ತಾರೆ. ನಾನೂ ಎಷ್ಟೋ ವರ್ಷ ಹೋಗಿದ್ದೇನೆ. ಗುಹೆಯ ಕತ್ತಲಲ್ಲಿ ಆ ಕೆಂಪು ಬೆಳಕು ಕಲ್ಲಿನ ಮೇಲೆ ನಿಧಾನ ತೆವಳಿ ಬರುವಾಗ ಎಲ್ಲರ ಉಸಿರೂ ಒಂದು ಕ್ಷಣ ನಿಲ್ಲುತ್ತದೆ. ಅದೇ ಬೆಳಕು ನವೆಂಬರ್ ಕೊನೆಯಲ್ಲೂ ಬೀಳುತ್ತದೆ. ಸೂರ್ಯ ತೆಂಕಣ ತುದಿ ಮುಟ್ಟಿ ತಿರುಗುವುದು ಡಿಸೆಂಬರ್ 21-22ಕ್ಕೆ. ಅಲ್ಲಿಂದ 24 ದಿನ ಮುಂದೆ ಹೋದರೆ ಸಂಕ್ರಾಂತಿ. ಅಷ್ಟೇ ಹಿಂದೆ ಬಂದರೆ ನವೆಂಬರ್ ಕೊನೆ. ಎರಡೂ ದಿನ ಸೂರ್ಯ ಒಂದೇ ಜಾಗದಲ್ಲಿ ಮುಳುಗುತ್ತಾನೆ. ನವೆಂಬರ್ ಸಂಜೆ ಅಲ್ಲಿ ಆ ಜನಜಾತ್ರೆ ಇರುವುದಿಲ್ಲ. ಬೆಳಕು ಎರಡು ಸಲ ಬರುತ್ತದೆ, ನಾವು ಒಂದನ್ನು ಆರಿಸಿ ಹಬ್ಬ ಮಾಡಿದೆವು. ಹಬ್ಬ ಅದರಿಂದ ಸುಳ್ಳಾಗುವುದಿಲ್ಲ. ಎಲ್ಲರೂ ಒಂದು ದಿನ ಸೇರಬೇಕಿತ್ತು, ಸೇರಿದೆವು.

ಇಷ್ಟೆಲ್ಲ ಗೊತ್ತಿದ್ದೂ ಜನ ದಿನಗಳಿಗೆ ಯಾಕೆ ಹೆದರುತ್ತಾರೆ? ಇದು ಅಜ್ಞಾನ ಅಂತ ನಾನು ಹೇಳಲಾರೆ. ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲಿ ತಿಂಗಳ 7, 14, 19, 21, 28ನೇ ದಿನ ವೈದ್ಯ ರೋಗಿಯ ಮೇಲೆ ಕೈ ಇಡಬಾರದು ಅಂತ ಬರೆದಿದೆ. ಯುರೋಪಿನವರು ನೂರಾರು ವರ್ಷ ತಿಂಗಳಿಗೆ ಎರಡು ‘ಈಜಿಪ್ಟಿನ ದಿನ’ಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ಅವತ್ತು ರಕ್ತ ತೆಗೆಸಿಕೊಳ್ಳುತ್ತಿರಲಿಲ್ಲ. ಎಲ್ಲ ಕಡೆ ಭಯ ಮೈಯ ಸುತ್ತ, ಕತ್ತಿಯ ಸುತ್ತ, ಹೆರಿಗೆಯ ಸುತ್ತ. ಮಲಿನೋವ್‌ಸ್ಕಿ ಅನ್ನುವ ಮಾನವಶಾಸ್ತ್ರಜ್ಞ ನೂರು ವರ್ಷದ ಹಿಂದೆ ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಒಂದು ವಿಷಯ ಗಮನಿಸಿದ. ಅಲ್ಲಿನ ಬೆಸ್ತರು ಒಳಗಡಲಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಮಂತ್ರ ಹಾಕುತ್ತಿರಲಿಲ್ಲ. ಅಲ್ಲಿ ಕೈಯ ಕಸುಬೇ ಸಾಕಿತ್ತು. ತೆರೆದ ಕಡಲಿಗೆ ಹೋಗುವಾಗ ಮಾತ್ರ ಮಂತ್ರದ ಮೇಲೆ ಮಂತ್ರ. ಹೆರಿಗೆ ನಮ್ಮ ಅಜ್ಜಿಯರಿಗೆ ತೆರೆದ ಕಡಲೇ ಆಗಿತ್ತು. ಹೋದವರು ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಅತ್ತೆಯವರ ಕೈಯಲ್ಲಿರುವ ಪಂಚಾಂಗದಲ್ಲಿ ಆ ಭಯದ ನೆನಪಿದೆ. ಅದನ್ನು ಹೀಗಳೆಯಬೇಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ಮೇ ತಿಂಗಳದ್ದನ್ನು ಆಗಲೇ ಹೇಳಿದೆ.

ಜೂನ್ 17ಕ್ಕೆ ಕಾಯುವುದರಲ್ಲೂ ಅಪಾಯ ಇದೆ. ಆಗ ಡ್ಯೂ ಡೇಟ್ ದಾಟಿರುತ್ತದೆ. ಅದಕ್ಕೂ ಮೊದಲೇ ನೋವು ಶುರುವಾಗಬಹುದು. ಹಿಂದಿನ ಸಿಸೇರಿಯನ್ ಗಾಯದ ಕಲೆ ಗರ್ಭಕೋಶದ ಮೇಲಿರುವಾಗ ನೋವು ಬಂದು ಕಾಯುವುದು ಡಾಕ್ಟರ್‌ಗಳು ಬೇಡ ಅನ್ನುವ ಸ್ಥಿತಿ. ಆಮೇಲೆ ಆಗುವುದು ತುರ್ತು ಆಪರೇಷನ್. ಬೆಳಗಿನ ಜಾವ ಆಸ್ಪತ್ರೆಯಲ್ಲಿ ಜನ ಕಡಿಮೆ. ಇನ್ನು 4:50 ಅನ್ನುವ ನಿಮಿಷದ ಲೆಕ್ಕ. ಲಗ್ನ, ಅಂದರೆ ಆ ಹೊತ್ತಿಗೆ ಮೂಡಣದಲ್ಲಿ ಏಳುವ ರಾಶಿ, ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ, ಅದರ ಒಂಬತ್ತನೇ ಒಂದು ಪಾಲಾದ ನವಾಂಶ ಸುಮಾರು 13 ನಿಮಿಷಕ್ಕೊಮ್ಮೆ. ಎರಡನೇ ಸಿಸೇರಿಯನ್ನಿನಲ್ಲಿ ಹಳೆಯ ಗಾಯ ಅಂಟಿಕೊಂಡಿದ್ದರೆ ಮಗುವಿನ ತನಕ ತಲುಪಲು ಎಷ್ಟು ನಿಮಿಷ ಬೇಕು ಅಂತ ಒಳಗೆ ನೋಡುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಹುಟ್ಟಿದ ಗಳಿಗೆ ಅಂದರೆ ತಲೆ ಕಂಡದ್ದೋ, ಪೂರ್ತಿ ಹೊರಬಂದದ್ದೋ, ಮೊದಲ ಅಳುವೋ ಅಂತ ಜೋಯಿಸರಲ್ಲೇ ಒಮ್ಮತವಿಲ್ಲ. ಹಿಂದಿನವರು ಹುಟ್ಟಿದ ಗಳಿಗೆಯನ್ನು ನೋಡಿ ಜಾತಕ ಬರೆಯುತ್ತಿದ್ದರು. ಜಾತಕ ಬರೆದಿಟ್ಟು ಮಗುವನ್ನು ಕರೆಯುತ್ತಿರಲಿಲ್ಲ. ಗಡಿಯಾರ ನೋಡುತ್ತಾ ಕತ್ತಿ ಹಿಡಿಯುವ ಡಾಕ್ಟರ್ ನಿಮಗೆ ಬೇಡ, ನಿಮ್ಮನ್ನೇ ನೋಡುವ ಡಾಕ್ಟರ್ ಬೇಕು.

ಡಾಕ್ಟರ್ ಕೊಟ್ಟ ಎರಡು ದಿನಗಳ ಒಳಗೇ ಆರಿಸಿಕೊಳ್ಳುವುದರಲ್ಲಿ ನನಗೆ ಯಾವ ತಪ್ಪೂ ಕಾಣುವುದಿಲ್ಲ. ಸೋಮವಾರದ ಎಂಟನ್ನು ಒಂಬತ್ತೂ ಕಾಲು ಮಾಡಲು ಆಗುತ್ತದಾ ಅಂತ ಒಂದು ಸಲ ಕೇಳಿ. ಆಗುತ್ತದೆ ಅಂದರೆ ಮನೆಯಲ್ಲಿ ನೆಮ್ಮದಿ. ಆಗುವುದಿಲ್ಲ ಅಂದರೆ ಅಲ್ಲಿಗೇ ಬಿಡಿ, ಎರಡನೇ ಸಲ ಕೇಳಬೇಡಿ. ಮಧ್ಯಾಹ್ನ ಮೂರರವರೆಗೆ ಉಪವಾಸ ಇರುವುದಕ್ಕಿಂತ ಬೆಳಗಿನ ಹೊತ್ತು ನಿಮಗೆ ಸುಲಭ ಅಂತ ನನ್ನ ಅನಿಸಿಕೆ. ಅದನ್ನೂ ಡಾಕ್ಟರ್ ಹತ್ತಿರವೇ ಕೇಳಿ. ಅದಕ್ಕೂ ಮೊದಲು ನೋವು ಕಾಣಿಸಿಕೊಂಡರೆ, ನೀರು ಹೋದರೆ, ರಕ್ತ ಕಂಡರೆ, ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ, ಯಾವ ತಿಥಿಯಾದರೂ ಯಾವ ಕಾಲವಾದರೂ ತಕ್ಷಣ ಹೊರಡಿ. ಇದನ್ನು ಈಗಲೇ ಮನೆಯವರೆಲ್ಲರ ಎದುರು ಹೇಳಿ ಒಪ್ಪಿಸಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ವಾದ ಮಾಡುವ ಶಕ್ತಿ ನಿಮಗಿರುವುದಿಲ್ಲ.

ಮಾತಾಡುವಾಗ ಗಂಡನನ್ನು ಮುಂದೆ ಬಿಡಿ. ದಿನ ಗೊತ್ತುಮಾಡಿದ್ದು ಡಾಕ್ಟರ್, ಒಪ್ಪಿದ್ದು ನಾನು ಅಂತ ಅವರೇ ಹೇಳಲಿ. ಸಾಧ್ಯವಾದರೆ ಮುಂದಿನ ತಪಾಸಣೆಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. 35 ವಾರದ ಮಗು ಅಂದರೇನು ಅಂತ ಡಾಕ್ಟರ್ ಬಾಯಿಂದಲೇ ಅವರು ಕೇಳಲಿ. ‘ಅವತ್ತೇ ಹೇಳಿದ್ದೆವು’ ಅನ್ನುವ ಮಾತು ಹುಟ್ಟುವುದು ತನ್ನನ್ನು ಯಾರೂ ಕೇಳಲಿಲ್ಲ ಅನ್ನುವ ನೋವಿನಿಂದ. ಅದಕ್ಕೇ ಅವರಿಗೊಂದು ಕೆಲಸ ಕೊಡಿ, ಪಂಚಾಂಗ ನಿಜವಾಗಿ ಬೇಕಾಗುವ ಕೆಲಸ.

ಜೂನ್ 8ಕ್ಕೆ ಮಗು ಹುಟ್ಟಿದರೆ ಹನ್ನೊಂದನೇ ದಿನ ಜೂನ್ 18, ಹನ್ನೆರಡನೇ ದಿನ ಜೂನ್ 19. ಅಧಿಕ ಮಾಸ 15ಕ್ಕೇ ಮುಗಿದಿರುತ್ತದೆ. ನಾಮಕರಣ ಬೀಳುವುದು ನಿಜ ಜ್ಯೇಷ್ಠದ ಶುಕ್ಲಪಕ್ಷದಲ್ಲಿ. ಗುರುವಾರ ಇಟ್ಟುಕೊಂಡರೆ ರಾಹುಕಾಲ ಶುರುವಾಗುವುದು ಮಧ್ಯಾಹ್ನ ಎರಡರ ಹತ್ತಿರ. ಬೆಳಗಿನ ಹೊತ್ತೆಲ್ಲ ಖಾಲಿ ಇದೆ. ಗಳಿಗೆ, ನಕ್ಷತ್ರ, ಹೆಸರಿನ ಮೊದಲ ಅಕ್ಷರ ಎಲ್ಲವನ್ನೂ ಅತ್ತೆಯವರೇ ಕೂತು ನೋಡಲಿ. ನಿಮ್ಮಮ್ಮನ ಪಂಚಾಂಗವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಲಿ. ಅಷ್ಟು ಹೊತ್ತಿಗೆ ನೀವು ಆಸ್ಪತ್ರೆಯಿಂದ ಮನೆಗೆ ಬಂದು, ಹಿರಿಯ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಚಿಕ್ಕದಕ್ಕೆ ಹಾಲು ಕೊಡುತ್ತಾ ಇರುತ್ತೀರಿ.